ತೇಲುವ ಕಲ್ಲಿನ ಮೇಲೆ ಬೆಳಕಿನ ಪರೀಕ್ಷೆ

1879ರ ಮಾರ್ಚ್‌ನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ವಾಷಿಂಗ್ಟನ್ನಿನ ಖಗೋಳಜ್ಞ ಡೇವಿಡ್ ಟಾಡ್ ಅವರಿಗೊಂದು ಕಾಗದ ಬರೆದರು. ಗುರುವಿನ ಉಪಗ್ರಹಗಳ ಗ್ರಹಣದ ಲೆಕ್ಕ ಹಿಡಿದು, ಸೌರಮಂಡಲ ಈಥರ್‌ನಲ್ಲಿ ಎಷ್ಟು ವೇಗವಾಗಿ ಸಾಗುತ್ತಿದೆಯೆಂದು ತಿಳಿಯಬಹುದೇ ಎಂಬುದು ಅವರ ಪ್ರಶ್ನೆ. ಭೂಮಿಯ ಮೇಲೆಯೇ ಅಳೆಯುವ ಮಾತಿಗೆ ಮಾತ್ರ ಅವರು ಕೈಚೆಲ್ಲಿದ್ದರು. ಬೆಳಕು ಹೋಗಿಬರುವ ಸಮಯದಲ್ಲಿ ಆಗುವ ವ್ಯತ್ಯಾಸ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು. ಅದು ಯಾರ ಕೈಗೂ ಸಿಗದು ಎಂದರು. ಅದೇ ವರ್ಷ ಅವರು ತೀರಿಕೊಂಡರು. ಆ ಕಾಗದ ಓದಿದ ಅಮೆರಿಕದ ನೌಕಾಪಡೆಯ ಯುವ ಅಧಿಕಾರಿ ಆಲ್ಬರ್ಟ್ ಮೈಕೆಲ್ಸನ್ ಅದನ್ನು ಸವಾಲಾಗಿ ತೆಗೆದುಕೊಂಡರು.

ಶಬ್ದಕ್ಕೆ ಗಾಳಿ ಬೇಕಾದ ಹಾಗೆ ಬೆಳಕಿನ ಅಲೆಗೂ ಒಂದು ಆಧಾರ ಬೇಕು ಎಂಬುದು ಆ ಕಾಲದ ನಂಬಿಕೆ. ಆ ಕಾಣದ ಆಧಾರವೇ ಈಥರ್. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಈಥರನ್ನು ಸೀಳಿಕೊಂಡು ಹೋಗುತ್ತಿದ್ದರೆ, ಭೂಮಿಯ ಮೇಲೆ ನಿಂತವರಿಗೆ ಬೆಳಕಿನ ವೇಗ ದಿಕ್ಕಿನಿಂದ ದಿಕ್ಕಿಗೆ ಬದಲಾಗಿ ಕಾಣಬೇಕು. ಮೈಕೆಲ್ಸನ್ ತಮ್ಮ ಮಕ್ಕಳಿಗೆ ಇದನ್ನು ಇಬ್ಬರು ಈಜುಗಾರರ ಪಂದ್ಯದಂತೆ ವಿವರಿಸುತ್ತಿದ್ದರು. ಒಬ್ಬ ಹೊಳೆಯ ಸೆಳವಿಗೆ ಎದುರಾಗಿ ಈಜಿ ಮರಳುತ್ತಾನೆ, ಇನ್ನೊಬ್ಬ ಅಷ್ಟೇ ದೂರವನ್ನು ಅಡ್ಡಲಾಗಿ ಈಜಿ ಬರುತ್ತಾನೆ. ಹೊಳೆ ಹರಿಯುತ್ತಿದ್ದರೆ ಗೆಲ್ಲುವುದು ಯಾವಾಗಲೂ ಎರಡನೆಯವನೇ.

ಮೊದಲ ಯತ್ನ 1881ರಲ್ಲಿ, ಜರ್ಮನಿಯಲ್ಲಿ. ಹಣ ಕೊಟ್ಟವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಉಪಕರಣ ಬೆಳಕನ್ನು ಎರಡಾಗಿ ಸೀಳಿ, ಒಂದಕ್ಕೊಂದು ಅಡ್ಡವಾದ ದಾರಿಗಳಲ್ಲಿ ಕಳಿಸಿ, ಮರಳಿದಾಗ ಕೂಡಿಸುತ್ತಿತ್ತು. ಕೂಡಿದಲ್ಲಿ ಪಟ್ಟೆಗಳು ಮೂಡುತ್ತಿದ್ದವು. ಉಪಕರಣ ತಿರುಗಿಸಿದಾಗ ಅವು ಸರಿದರೆ ಈಥರ್ ಹರಿಯುತ್ತಿದೆ ಎಂದರ್ಥ. ಆದರೆ ಬರ್ಲಿನ್ನಿನ ಬೀದಿಗಳ ಓಡಾಟಕ್ಕೇ ಅದು ನಡುಗುತ್ತಿತ್ತು. ಪಾಟ್ಸ್‌ಡಾಮ್‌ನ ವೀಕ್ಷಣಾಲಯಕ್ಕೆ ಸಾಗಿಸಿದರೆ, ಅಲ್ಲಿ ನೂರು ಮೀಟರ್ ಆಚೆ ಯಾರಾದರೂ ಕಾಲು ಅಪ್ಪಳಿಸಿದರೂ ಬೆಳಕಿನ ಪಟ್ಟೆಗಳು ಮಾಯವಾಗುತ್ತಿದ್ದವು. ಸಾಲದ್ದಕ್ಕೆ ಲೆಕ್ಕವೂ ತಪ್ಪಿತ್ತು: ನಿರೀಕ್ಷಿಸಬೇಕಾದ ಪರಿಣಾಮವನ್ನು ಎರಡು ಪಟ್ಟು ಹಿಡಿಯಲಾಗಿದೆ ಎಂದು ಭೌತಶಾಸ್ತ್ರಜ್ಞ ಲೊರೆಂಟ್ಸ್ ತೋರಿಸಿಕೊಟ್ಟರು.

ಮುಂದಿನ ಅಧ್ಯಾಯ ಅಮೆರಿಕದ ಕ್ಲೀವ್‌ಲ್ಯಾಂಡ್‌ನದು. ಜೊತೆಯಾದವರು ರಸಾಯನಶಾಸ್ತ್ರಜ್ಞ ಎಡ್ವರ್ಡ್ ಮಾರ್ಲೆ. ತೂಕ, ಅಳತೆಗಳಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದ ಮನುಷ್ಯ. ಇವರಿಬ್ಬರು ಕಟ್ಟಿದ ಉಪಕರಣವನ್ನು ಹತ್ತಿರದಿಂದಲೇ ನೋಡಬೇಕು. ಇಟ್ಟಿಗೆಯ ಕಟ್ಟೆ, ಅದರ ಮೇಲೆ ಉಂಗುರದಾಕಾರದ ಎರಕದ ಕಬ್ಬಿಣದ ತೊಟ್ಟಿ, ತೊಟ್ಟಿಯಲ್ಲಿ ಪಾದರಸ, ಪಾದರಸದಲ್ಲಿ ತೇಲುವ ಮರದ ಬಳೆ, ಅದರ ಮೇಲೆ ಒಂದೂವರೆ ಮೀಟರ್ ಚೌಕದ, ಒಂದಡಿ ದಪ್ಪದ ಕಲ್ಲುಚಪ್ಪಡಿ. ಮೆಲ್ಲಗೆ ಒಮ್ಮೆ ತಳ್ಳಿದರೆ ಸಾಕು, ಆ ಕಲ್ಲು ಆರು ನಿಮಿಷಕ್ಕೊಂದು ಸುತ್ತಿನಂತೆ ತಿರುಗುತ್ತಲೇ ಇರುತ್ತಿತ್ತು. ಮೂಲೆಗಳಲ್ಲಿದ್ದ ಕನ್ನಡಿಗಳ ನಡುವೆ ಬೆಳಕು ಹಲವು ಬಾರಿ ಪುಟಿದು 11 ಮೀಟರ್ ದಾರಿ ಕ್ರಮಿಸುತ್ತಿತ್ತು. ವೀಕ್ಷಕ ಕಲ್ಲಿನ ಜೊತೆಯಲ್ಲೇ ಸುತ್ತುತ್ತ, ಹದಿನಾರು ಗುರುತುಗಳಲ್ಲಿ ಪಟ್ಟೆಗಳ ಸ್ಥಾನವನ್ನು ಓದಬೇಕಿತ್ತು. 1887ರ ಜುಲೈ 8ರಿಂದ 12ರ ನಡುವೆ ಮಧ್ಯಾಹ್ನವೂ ಸಂಜೆಯೂ ಈ ಕೆಲಸ ನಡೆಯಿತು.

ಪಟ್ಟೆ ತನ್ನ ಅಗಲದ 0.4 ಪಾಲು ಸರಿಯಬೇಕಿತ್ತು. ಕಂಡದ್ದು ಅದರ ಇಪ್ಪತ್ತನೇ ಒಂದು ಪಾಲಿಗಿಂತ ಕಡಿಮೆ, ಪ್ರಾಯಶಃ ನಲವತ್ತನೇ ಒಂದು ಪಾಲಿಗಿಂತಲೂ ಕಡಿಮೆ.

ಹೊಳೆಯೇ ಹರಿಯುತ್ತಿಲ್ಲ! ಮೂರು ಮೂರು ತಿಂಗಳಿಗೊಮ್ಮೆ ಪ್ರಯೋಗವನ್ನು ಮತ್ತೆ ಮಾಡುವ ಯೋಚನೆ ಇಬ್ಬರಿಗೂ ಇತ್ತು. ಅದನ್ನು ಅಲ್ಲಿಗೇ ಬಿಟ್ಟರು. ಆದರೆ ಸಿಕ್ಕಿದ್ದನ್ನು ಮುಚ್ಚಿಡಲಿಲ್ಲ, ನಿರೀಕ್ಷೆಗೆ ತಕ್ಕಂತೆ ತಿದ್ದಲೂ ಇಲ್ಲ. ಅದೇ ನವೆಂಬರ್‌ನಲ್ಲಿ ಪ್ರಕಟಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ನಿಷ್ಠೆಯಿಂದ ದಾಖಲಾದ 'ಏನೂ ಇಲ್ಲ' ಅಪರೂಪ.

ಆಮೇಲೆ ಈಥರನ್ನು ಉಳಿಸಿಕೊಳ್ಳುವ ಹೋರಾಟ ಶುರುವಾಯಿತು. ಚಲಿಸುವ ವಸ್ತುಗಳು ಚಲನೆಯ ದಿಕ್ಕಿನಲ್ಲಿ ಕುಗ್ಗುತ್ತವೆ ಎಂದು 1889ರಲ್ಲಿ ಭೌತಶಾಸ್ತ್ರಜ್ಞ ಫಿಟ್ಜ್‌ಜೆರಾಲ್ಡ್, 1892ರಲ್ಲಿ ಲೊರೆಂಟ್ಸ್ ಸೂಚಿಸಿದರು. 1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರ ಐನ್‌ಸ್ಟೈನ್ ಈಥರಿನ ಅಗತ್ಯವೇ ಇಲ್ಲವೆಂದರು. ಸಮವೇಗದಲ್ಲಿ ಸಾಗುವ ಯಾವ ಚೌಕಟ್ಟಿನಿಂದ ಅಳೆದರೂ ನಿರ್ವಾತದಲ್ಲಿ ಬೆಳಕಿನ ವೇಗ ಒಂದೇ. ಬದಲಾಗುವುದು ಕಾಲ ಮತ್ತು ದೂರದ ಅಳತೆಗಳು. ಕ್ಲೀವ್‌ಲ್ಯಾಂಡ್‌ನಿಂದ ಬರ್ನ್‌ಗೆ ನೇರ ದಾರಿ ಇತ್ತೆಂದು ಪಠ್ಯಪುಸ್ತಕಗಳು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಹರಿಯುವ ನೀರಿನಲ್ಲಿ ಬೆಳಕಿನ ವೇಗ ಅಳೆದ ಫಿಜೊನ 1851ರ ಪ್ರಯೋಗವೂ ತಮಗೆ ಮುಖ್ಯವಾಗಿತ್ತೆಂದು ಐನ್‌ಸ್ಟೈನ್ ಹೇಳಿದ್ದಾರೆ.

1907ರಲ್ಲಿ ಮೈಕೆಲ್ಸನ್‌ಗೆ ನೊಬೆಲ್ ಬಂತು, ಅವರ ನಿಖರ ಉಪಕರಣಗಳಿಗೂ ಅವುಗಳಿಂದ ನಡೆಸಿದ ಅಳತೆಗಳಿಗೂ. ಮಾರ್ಲೆಗೆ ಅದರಲ್ಲಿ ಪಾಲು ಸಿಗಲಿಲ್ಲ. ಆ ಕಲ್ಲಿನ ಸುತ್ತ ನಡೆದ ಕೆಲಸದಲ್ಲಿ ಅವರ ಪಾಲು ಸಣ್ಣದಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು.

ಐನ್‌ಸ್ಟೈನ್ ಮಾತಿನ ಪರೀಕ್ಷೆ ಮುಂದೆಯೂ ನಡೆಯಿತು. 1964ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, ಬೆಳಕಿನ ವೇಗದ ಶೇಕಡಾ 99.9ಕ್ಕೂ ಹೆಚ್ಚು ವೇಗದಲ್ಲಿ ಧಾವಿಸುತ್ತಿದ್ದ ಪಯಾನ್ ಕಣಗಳಿಂದ ಮುಂದಕ್ಕೆ ಚಿಮ್ಮಿದ ಗಾಮಾ ಕಿರಣಗಳನ್ನು ಅಳೆದರು. ಮೂಲ ಅಷ್ಟು ವೇಗವಾಗಿ ಓಡುತ್ತಿದ್ದರೂ ಕಿರಣಗಳ ವೇಗ ಒಂದಿಷ್ಟೂ ಹೆಚ್ಚಿರಲಿಲ್ಲ. 1983ರಿಂದ ಮೀಟರಿನ ವ್ಯಾಖ್ಯೆಯೇ ಬೆಳಕಿನ ಮೇಲೆ ನಿಂತಿದೆ: ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಪಾಲಿನಲ್ಲಿ ಸಾಗುವ ದೂರವೇ ಒಂದು ಮೀಟರ್.