ಟ್ರಕ್: ಗಾಲಿಯ ಹೆಸರು ಗಾಡಿಗೆ

ಇಂಗ್ಲಿಷಿನ ‘ಟ್ರಕ್’ ಪದಕ್ಕೆ ರಸ್ತೆಗಿಂತ ಮೊದಲು ಕಡಲಿನ ನಂಟು. 17ನೇ ಶತಮಾನದಲ್ಲಿ ಹಡಗಿನ ಫಿರಂಗಿಯನ್ನು ಹೊತ್ತ ಮರದ ಪೀಠಕ್ಕೆ ಪುಟ್ಟ, ಗಟ್ಟಿ ಗಾಲಿಗಳಿರುತ್ತಿದ್ದವು. ಆ ಗಾಲಿಗಳೇ ಟ್ರಕ್‌ಗಳು. ಚಕ್ರ ಎಂಬರ್ಥದ ಗ್ರೀಕ್ ‘ಟ್ರೋಖೋಸ್’ ಲ್ಯಾಟಿನ್ ದಾರಿಯಲ್ಲಿ ಬಂದು ಹೀಗಾಗಿರಬೇಕು ಎಂಬುದು ನಿಘಂಟುಕಾರರ ಊಹೆ. 18ನೇ ಶತಮಾನದಲ್ಲಿ ಗಾಲಿಯ ಹೆಸರು ಭಾರ ಹೊರುವ ಗಾಡಿಗೇ ಅಂಟಿಕೊಂಡಿತು. ಹಳೆಯ ಅರ್ಥವೇನೂ ಸಾಯಲಿಲ್ಲ: ರೈಲು ಡಬ್ಬಿಯ ಅಡಿಯ ಗಾಲಿಜೋಡಣೆಗೆ ನಮ್ಮ ರೈಲ್ವೆಯವರು ಬೋಗಿ ಎಂದರೆ, ಅಮೆರಿಕದವರು ಇವತ್ತಿಗೂ ಟ್ರಕ್ ಎನ್ನುತ್ತಾರೆ.

ಇದೇ ಕಾಗುಣಿತದ ಇನ್ನೊಂದು ಟ್ರಕ್ಕಿಗೆ ವಿನಿಮಯ ಎಂದರ್ಥ. ಕೂಲಿಗೆ ದುಡ್ಡಿನ ಬದಲು ಸಾಮಾನು ಕೊಡುವ ಪದ್ಧತಿಯನ್ನು ತಡೆಯಲು ಬ್ರಿಟನ್ 1831ರಲ್ಲಿ ತಂದ ‘ಟ್ರಕ್ ಕಾಯ್ದೆ’ಯಲ್ಲಿರುವುದು ಅದು. ಅದರ ಮೂಲ ಫ್ರೆಂಚ್. ಗಾಡಿಗೂ ಅದಕ್ಕೂ ಸಂಬಂಧವಿಲ್ಲ.

20ನೇ ಶತಮಾನದ ಆರಂಭದಲ್ಲಿ ಗಾಡಿಗೆ ಕುದುರೆಯ ಬದಲು ಎಂಜಿನ್ ಬಂದಾಗ ಅಮೆರಿಕದವರು ಹೊಸ ಹೆಸರು ಹುಡುಕಲಿಲ್ಲ. ‘ಮೋಟಾರ್ ಟ್ರಕ್’ ಎಂದರು. ಕ್ರಮೇಣ ‘ಮೋಟಾರ್’ ಉದುರಿಹೋಯಿತು. ಹಳೆಯ ಹೆಸರೇ ಏಕೆ ಸಾಕಾಯಿತು ಎಂದು ಆ ಕಾಲದ ಫೋಟೊಗಳನ್ನು ನೋಡಿದರೆ ಗೊತ್ತಾಗುತ್ತದೆ. 1916ರಲ್ಲಿ ಬಂದ ಮ್ಯಾಕ್ ಎಸಿ ಮಾದರಿಯನ್ನೇ ನೋಡಿ. ಗಾಳಿ ತುಂಬದ ಗಟ್ಟಿ ರಬ್ಬರ್ ಟೈರು, ಹಿಂದಿನ ಗಾಲಿ ತಿರುಗಿಸಲು ಸೈಕಲ್ಲಿಗಿರುವಂಥ ಚೈನು, ಎರಡೂ ಬದಿ ತೆರೆದ ಚಾಲಕನ ಗೂಡು. ರೇಡಿಯೇಟರು ಎಂಜಿನ್ನಿನ ಹಿಂದಿದ್ದುದರಿಂದ ಮೂತಿ ಮೊಂಡಾಗಿ ಇಳಿದಿತ್ತು. ಮೊದಲ ಮಹಾಯುದ್ಧದಲ್ಲಿ ಅದಕ್ಕೆ ‘ಬುಲ್‌ಡಾಗ್’ ಎಂಬ ಅಡ್ಡಹೆಸರು ಬಿತ್ತು; ಕಂಪನಿ ಮುಂದೆ ಅದನ್ನೇ ಲಾಂಛನ ಮಾಡಿಕೊಂಡಿತು. ಕುದುರೆಗಾಡಿಯ ಮೈಕಟ್ಟು ಹೀಗೆ ಅರ್ಧ ಉಳಿದಿರುವಾಗ ಹಳೆಯ ಹೆಸರೂ ಸಲೀಸಾಗಿ ಹೊಂದಿಕೊಂಡಿತು.

ಪದಗಳ ಈ ಹಟ ಚಾಲಕರಲ್ಲೂ ಕಾಣುತ್ತದೆ. ‘ಟೀಮ್‌ಸ್ಟರ್’ ಎಂದರೆ ಕುದುರೆ ಜೋಡಿ ಹೊಡೆಯುವವನು. ಆ ಹೆಸರಿನಲ್ಲಿ ಅಮೆರಿಕದಲ್ಲಿ 1903ರಲ್ಲಿ ಕಟ್ಟಿದ ಕಾರ್ಮಿಕ ಸಂಘ ಇಂದು ಟ್ರಕ್ ಚಾಲಕರ ಬಲವಾದ ಸಂಘಟನೆ. ಅದರ ಲಾಂಛನದಲ್ಲಿ ಈಗಲೂ ಎರಡು ಕುದುರೆಗಳ ತಲೆಗಳಿವೆ.

ಬ್ರಿಟನ್ನಿನಲ್ಲಿ ಮಾತ್ರ ಇದೇ ವಾಹನ ‘ಲಾರಿ’ ಎನಿಸಿತು. ನಮಗೆ ಬಂದದ್ದೂ ಆ ಪದವೇ. ಸ್ವಾತಂತ್ರ್ಯಾನಂತರ ಮುಂಬಯಿಯ ಪ್ರೀಮಿಯರ್ ಕಂಪನಿ ಅಮೆರಿಕದ ಡಾಡ್ಜ್, ಫಾರ್ಗೊಗಳನ್ನು ಇಲ್ಲಿ ಜೋಡಿಸಿ ಮಾರಿತು. ತವರಿನಲ್ಲಿ ಟ್ರಕ್ ಆಗಿದ್ದವು ಕನ್ನಡಿಗರ ಬಾಯಲ್ಲಿ ಲಾರಿಗಳಾದವು. ಈಗ ಹೆದ್ದಾರಿಯ ಫಲಕಗಳಲ್ಲಿ, ಪತ್ರಿಕೆಗಳಲ್ಲಿ ‘ಟ್ರಕ್’ ಓಡಾಡುತ್ತಿದೆ. ಆದರೆ ಊರಲ್ಲಿ ಜಲ್ಲಿ, ಮರಳು ಬೇಕಾದವರು ಹೇಳುವುದು ‘ಒಂದು ಲೋಡ್ ಲಾರಿ ಕಳಿಸಿ’ ಎಂದೇ. ವಾಹನ ಯಾವ ದೇಶದ್ದೇ ಇರಲಿ, ಹೆಸರು ಮೊದಲು ಬಾಯಿಗೆ ಬಂದದ್ದೇ ನಿಲ್ಲುತ್ತದೆ.