ಅವ್ವ ಕೇಳಿದ ಬೆಕ್ಕು

ಹಂಪಸಾಗರದ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಬೆಕ್ಕೊಂದು ಇದ್ದೇ ಇರುತ್ತಿತ್ತು. ಮೊದಲ ರೊಟ್ಟಿಯ ಚೂರು ಹಾಲಿನಲ್ಲಿ ನೆನೆದು ಅದಕ್ಕೇ ಹೋಗಬೇಕು. ಅದೇ ಬೆಕ್ಕು ಅಡ್ಡ ಬಂದರೆ ಮಾತ್ರ ಹೊರಟ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂಡುತ್ತಿದ್ದರು. "ಅಪಶಕುನವಾದರೆ ಯಾಕೆ ಸಾಕಬೇಕು?" ಎಂದರೆ ಅವ್ವ, "ಜ್ವಾಳ ಕಾಯೋರು ಯಾರು, ನೀನೇನು?" ಎನ್ನುತ್ತಿದ್ದಳು.

ಇತಿಹಾಸ ಪಾಠ ಮಾಡತೊಡಗಿದ ಮೇಲೆ ಆ ಮಾತಿನ ತೂಕ ತಿಳಿಯಿತು. ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಟ್ಟ. ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಆದರೆ ನಂಟು ಅಷ್ಟಕ್ಕೇ ನಿಲ್ಲಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಗೋರಿಯ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದರೆಂದು 2004ರಲ್ಲಿ ಫ್ರೆಂಚ್ ಪುರಾತತ್ವಜ್ಞರು ತಿಳಿಸಿದರು. ಬೆಕ್ಕು ಆ ದ್ವೀಪದ ಪ್ರಾಣಿಯಲ್ಲ; ಯಾರೋ ಕಡಲು ದಾಟಿಸಿ ತಂದಿದ್ದರು. ನಮ್ಮ ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಮಂಗಮ್ಮ ದೇವಿ ಬೆಕ್ಕಿನ ರೂಪದಲ್ಲಿ ಬಂದಳೆಂದು ನಂಬಿ, ಬೆಕ್ಕಿಗೇ ಗುಡಿ ಕಟ್ಟಿ ಪೂಜಿಸುತ್ತಾರೆ. ಬೆಕ್ಕು ಸತ್ತರೆ ಮಣ್ಣು ಮಾಡುತ್ತಾರೆ.

ಇದನ್ನೆಲ್ಲ ಮಕ್ಕಳಿಗೆ ಹೇಳುವ ನಾನೇ, ವರ್ಗವಾಗಿ ಪಟ್ಟಣಕ್ಕೆ ಹೊರಟಾಗ, ಸಾಕಿದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಡಿಸಿದೆ. ಹೊಸ ಮನೆಯಲ್ಲಿ ಜೋಳದ ಚೀಲವಿರಲಿಲ್ಲ, ಸ್ಟೀಲ್ ಡಬ್ಬಿಗಳಿದ್ದವು. ಬೆಕ್ಕಿನ ಕೆಲಸ ಮುಗಿದಿತ್ತು ಎಂದುಕೊಂಡೆ.

ಮನೆ ನೋಡಲು ಬಂದ ಅವ್ವ ಕೂಡುವ ಮೊದಲೇ, "ಬೆಕ್ಕೆಲ್ಲಿ?" ಎಂದಳು. "ಓಡಿಹೋಯ್ತವ್ವ" ಎಂದೆ. ಆಕೆ ಮತ್ತೆ ಕೇಳಲಿಲ್ಲ. ಇಂದಿಗೂ ಮೊದಲ ರೊಟ್ಟಿ ಮುರಿಯುವಾಗ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.