ನೂರು ಚದರ ಮೀಟರ್ ಕಾಡು

1977ರಲ್ಲಿ ಜಪಾನಿನ ಶಾರಿ ಎಂಬ ಸಣ್ಣ ಪಟ್ಟಣದ ಆಡಳಿತ ದೇಶದ ಜನರ ಮುಂದೆ ಒಂದು ವಿಚಿತ್ರ ಕೋರಿಕೆ ಇಟ್ಟಿತು. 8,000 ಯೆನ್ ಕೊಟ್ಟರೆ ನೂರು ಚದರ ಮೀಟರ್ ನೆಲ ಕೊಳ್ಳುತ್ತೇವೆ; ಆದರೆ ಆ ನೆಲ ಕೊಟ್ಟವರದಾಗುವುದಿಲ್ಲ, ಕಾಡಾಗುತ್ತದೆ.

ಶಾರಿ ಇರುವುದು ಉತ್ತರದ ಹೊಕ್ಕೈಡೊ ದ್ವೀಪದಲ್ಲಿ, ಶಿರೆತೊಕೊ ಎಂಬ ಚಾಚಿನ ಬುಡದಲ್ಲಿ. ಹೆಸರು ಮೂಲನಿವಾಸಿಗಳಾದ ಐನು ಜನರದ್ದು. ನೆಲದ ತುದಿ ಎಂದರ್ಥ. 1964ರಲ್ಲೇ ಅದು ರಾಷ್ಟ್ರೀಯ ಉದ್ಯಾನವಾಗಿತ್ತು. ಹಾಗಿದ್ದ ಮೇಲೆ ನೆಲ ಕೊಳ್ಳುವ ಮಾತೇಕೆ? ಜಪಾನಿನಲ್ಲಿ ಉದ್ಯಾನದ ನೆಲವೆಲ್ಲ ಸರ್ಕಾರದ್ದೇ ಆಗಿರಬೇಕೆಂದಿಲ್ಲ. ಖಾಸಗಿ ಜಮೀನನ್ನೂ ಒಳಗೆ ಸೇರಿಸಿಕೊಂಡು, ನಿಯಮಗಳಿಂದ ಕಾಯುತ್ತಾರೆ. ಶಿರೆತೊಕೊದಲ್ಲಿ 1914ರಿಂದ ವಲಸಿಗ ರೈತರು ಕಾಡು ಕಡಿದು ಹೊಲ ಮಾಡಿದ್ದರು. ಕಲ್ಲುನೆಲ, ಕೊರೆಯುವ ಚಳಿ, ಮಿಡತೆಗಳ ಕಾಟ. ಒಂದು ತಂಡ ಸೋತು ಹೋದರೆ ಇನ್ನೊಂದು ಬಂತು. 1970ರ ದಶಕದ ಹೊತ್ತಿಗೆ ಎಲ್ಲರೂ ಬಿಟ್ಟುಹೋಗಿದ್ದರು. ಆಗ ದೇಶದಲ್ಲಿ ಭೂಮಿಯ ಬೆಲೆ ಏರುತ್ತಿತ್ತು. ಪಾಳುಬಿದ್ದ ಹೊಲಗಳ ಮೇಲೆ ದಲ್ಲಾಳಿಗಳ ಕಣ್ಣು ಬಿತ್ತು.

ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಮಾದರಿಯನ್ನು ಮುಂದಿಟ್ಟುಕೊಂಡು ಮೇಯರ್ ಫುಜಿಯಾ ಯುತಾಕ ಈ ಚಂದಾ ಶುರುಮಾಡಿದರು. 1997ರ ಹೊತ್ತಿಗೆ ಸುಮಾರು 49 ಸಾವಿರ ಮಂದಿ ಹಣ ಕೊಟ್ಟಿದ್ದರು. ಅವರಲ್ಲಿ ಎಷ್ಟೋ ಜನ ಆ ಕಡೆ ಕಾಲಿಟ್ಟವರಲ್ಲ. ಉದ್ದೇಶಿಸಿದ್ದ ಸುಮಾರು 861 ಹೆಕ್ಟೇರ್ ಪಟ್ಟಣದ ಕೈಸೇರಿದ್ದು 2010ರಲ್ಲಿ.

ನಡುವೆ ಏಟು ಬಿದ್ದದ್ದು ದಲ್ಲಾಳಿಗಳಿಂದಲ್ಲ, ಸರ್ಕಾರದಿಂದಲೇ. 1987ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆಯು ಉದ್ಯಾನದೊಳಗಿನ ಸರ್ಕಾರಿ ಕಾಡಿನಲ್ಲಿ 530 ಮರ ಕಡಿಸಿತು. ದೇಶವೇ ಗದ್ದಲ ಎಬ್ಬಿಸಿತು. ಅದೇ ತಿಂಗಳ ಮೇಯರ್ ಚುನಾವಣೆಯಲ್ಲಿ ಮರ ಕಡಿಯುವುದನ್ನು ವಿರೋಧಿಸಿದವರು ಗೆದ್ದರು, ಕೊಡಲಿ ನಿಂತಿತು. 2005ರಲ್ಲಿ ಶಿರೆತೊಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ನೆಲ ಕೊಂಡಷ್ಟು ಸುಲಭವಾಗಿ ಕಾಡು ಬರಲಿಲ್ಲ. ನೆಟ್ಟ ಸಸಿಗಳನ್ನು ಜಿಂಕೆಗಳು ಮೇಯುತ್ತವೆ, ಬೆಳೆದ ಮರದ ತೊಗಟೆಯನ್ನೂ ಬಿಡುವುದಿಲ್ಲ. ಜಿಂಕೆಗಳನ್ನು ಹತೋಟಿಯಲ್ಲಿಡಬೇಕಿದ್ದ ತೋಳ ಹೊಕ್ಕೈಡೊದಲ್ಲಿ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಕುದುರೆ ಸಾಕಣೆಗೆ ಅಡ್ಡಿಯೆಂದು, ಅಮೆರಿಕದಿಂದ ಬಂದ ಎಡ್ವಿನ್ ಡನ್ ಎಂಬ ಸಲಹೆಗಾರನ ಮಾತಿನಂತೆ ಸ್ಟ್ರಿಕ್ನಿನ್ ವಿಷ ಬೆರೆಸಿದ ಮಾಂಸ ಇಟ್ಟು ಅವನ್ನು ಕೊಂದಿದ್ದರು. ಐನು ಜನ ಆ ತೋಳವನ್ನು ದೇವರೆಂದು ಕಾಣುತ್ತಿದ್ದರು. ಈಗ ಶಾರಿಯವರು ಸಸಿಗಳ ಸುತ್ತ ಎತ್ತರದ ಬೇಲಿ ಕಟ್ಟುತ್ತಾರೆ, ಮರಗಳ ಬುಡಕ್ಕೆ ಬಲೆ ಸುತ್ತುತ್ತಾರೆ.